ಅಣ್ಣನ ತಲೆಬುರುಡೆಯಲ್ಲೊಂದು ಬಿಳಿ ಚುಕ್ಕಿ

ಕತ್ತಲಲ್ಲಿ ಬಹಳ ಕಾಲ ಕೆಲಸ ಮಾಡಿದವರಿಗೆ ಹಗಲು ಸ್ವಲ್ಪ ಸುಳ್ಳೆನಿಸುತ್ತದೆ. ನನಗಂತೂ ಹಾಗೇ ಆಗಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ, ಇಪ್ಪತ್ತೂ ತುಂಬದ ಹುಡುಗಿಯಾಗಿದ್ದಾಗ, ಕೊಪ್ಪಳದ ಒಂದು ಸಣ್ಣ ದವಾಖಾನೆಯಲ್ಲಿ ಎಕ್ಸ್-ರೇ ಫಿಲಂ ತೊಳೆಯುವ ಕೆಲಸಕ್ಕೆ ಸೇರಿಕೊಂಡೆ. ಕಿಟಕಿಗೆ ಕರಿ ಬಟ್ಟೆ ಬಡಿದ ಕೋಣೆ, ಒಂದು ಕೆಂಪು ಬಲ್ಬು, ಮೂರು ತೊಟ್ಟಿ. ಮೊದಲನೆಯ ತೊಟ್ಟಿಯ ಔಷಧದ ನೀರಿನಲ್ಲಿ ಫಿಲಂ ಅದ್ದಿ ಮೆಲ್ಲಗೆ ಅಲುಗಾಡಿಸುತ್ತ ನಿಂತರೆ, ಏನೂ ಇಲ್ಲದ ಹಾಳೆಯ ಮೇಲೆ ಯಾರದೋ ಮೊಣಕಾಲು ಎದ್ದು ಬರುತ್ತಿತ್ತು. ಯಾರದೋ ಪಕ್ಕೆಲುಬು. ಯಾರದೋ ಮುರಿದ ಮುಂಗೈ. ಹೊರಗೆ ಬಿಸಿಲು ಸುಡುತ್ತಿರಲಿ, ಹುಲಿಗಿಯ ಜಾತ್ರೆಗೆ ಹೊರಟವರ ಚೌಡಿಕೆ ವಾದ್ಯದ ಸದ್ದು ರಸ್ತೆಯಲ್ಲಿ ಹಾದುಹೋಗಲಿ, ನಾನು ಒಳಗೆ ಕೆಂಪು ನೀರಿನ ತಳದಲ್ಲಿ ಇದ್ದ ಹಾಗೆ ಇರುತ್ತಿದ್ದೆ. ಯಾರಾದರೂ ಬಾಗಿಲು ಬಡಿದರೆ ಬೇರೆ ಊರಿನಿಂದ ಕರೆದಂತೆ ಕೇಳುತ್ತಿತ್ತು.

ನನ್ನ ಸ್ವಭಾವ ಮೊದಲಿಂದಲೂ ಗರಂ. ಫಿಲಂ ತೊಳೆಯುತ್ತ ತೊಳೆಯುತ್ತ ಮಷಿನ್ ನಡೆಸುವುದನ್ನೂ ಕಲಿತ ಮೇಲೆ ತಲೆ ನಿಲ್ಲಲಿಲ್ಲ. ಮುಖ ಮರೆತೇನು, ಎಲುಬು ಮರೆಯುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಬಜಾರದಲ್ಲಿ ಎದುರಾದವರು ನಮಸ್ಕಾರ ಮಾಡಿದರೆ ಹೆಸರು ನೆನಪಾಗುತ್ತಿರಲಿಲ್ಲ, ಎರಡು ವರ್ಷದ ಹಿಂದೆ ಅವರ ತೋಳಿನ ಎಲುಬು ಎಲ್ಲಿ ಸೀಳಿತ್ತು ಎಂಬುದು ನೆನಪಾಗುತ್ತಿತ್ತು. ಅವ್ವ ಬೈಯುತ್ತಿದ್ದಳು. "ಮಂದಿ ಮಾರಿ ನೋಡಿ ಮಾತಾಡು. ಎದಿಯೊಳಗ ಇಣುಕಿ ನೋಡಿದಂಗ ಯಾಕ ನೋಡತಿ?" ಎನ್ನುತ್ತಿದ್ದಳು.

ನಮ್ಮ ಮನೆ ಭಾಗ್ಯನಗರದಲ್ಲಿ. ಅಪ್ಪ ಹೋದ ಮೇಲೆ ಅವ್ವ, ಅಣ್ಣ, ನಾನು, ಮೂವರೇ. ಅಣ್ಣನದು ಕಲ್ಲಿನ ಕೆಲಸ. ಜೋಳ ಬೀಸಿ ಬೀಸಿ ನುಣ್ಣಗಾದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದು ಮತ್ತೆ ಒರಟು ಮಾಡಿಕೊಡುವುದು. ಸೈಕಲ್ಲಿನ ಹಿಂದೆ ಉಳಿ, ಸುತ್ತಿಗೆ ಕಟ್ಟಿಕೊಂಡು ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದ. ಕಲ್ಲಿನ ಮುಂದೆ ಕೂತ ಕೂಡಲೇ ಉಳಿ ಹಿಡಿಯುತ್ತಿರಲಿಲ್ಲ. ಮೊದಲು ಬೆರಳ ಗೆಣ್ಣಿನಿಂದ ನಾಲ್ಕು ಕಡೆ ತಟ್ಟಿ, ಕಿವಿ ಬಗ್ಗಿಸಿ ಕೇಳುತ್ತಿದ್ದ. "ಈ ಕಡಿ ಒಳಗ ಸೀಳೈತ್ರಿ, ಹಗೂರಕ ಹೊಡೀತೀನಿ," ಎಂದು ಮನೆಯವರಿಗೆ ಹೇಳುತ್ತಿದ್ದ. ಹೊರಗೆ ಏನೂ ಕಾಣದ ಕಲ್ಲಿನೊಳಗಿನ ಸೀಳು ಅವನಿಗೆ ಹೇಗೆ ಕೇಳುತ್ತದೆ ಎಂದು ನನಗೆ ಹೊಟ್ಟೆಕಿಚ್ಚು. ನನಗಾದರೋ ದೊಡ್ಡ ಮಷಿನ್ ಬೇಕು, ಕರೆಂಟು ಬೇಕು, ಕತ್ತಲೆ ಬೇಕು. ಅವನಿಗೆ ಒಂದು ಬೆರಳು ಸಾಕಿತ್ತು.

ನಾನು ಕೆಲಸಕ್ಕೆ ಸೇರಿ ವರ್ಷವಾಗಿತ್ತೇನೋ. ಒಂದು ದಿನ ಕುಷ್ಟಗಿ ಕಡೆಯಿಂದ ಅಣ್ಣ ಎಡಗಣ್ಣು ಮುಚ್ಚಿಕೊಂಡು ಬಂದ. ಉಳಿ ಹೊಡೆಯುವಾಗ ಏನೋ ಸಿಡಿದು ಒಳಗೆ ಬಿದ್ದಿತ್ತು. ನಮ್ಮ ಓಣಿಯಲ್ಲಿ ಕಣ್ಣಿನ ಕಸ ತೆಗೆಯುವ ಅಜ್ಜಿಯೊಬ್ಬಳಿದ್ದಳು. ರೆಪ್ಪೆ ಬಿಡಿಸಿ ಹಿಡಿದು, ನಾಲಿಗೆಯ ತುದಿಯನ್ನು ಕಣ್ಣುಗುಡ್ಡೆಯ ಮೇಲೆ ಮೃದುವಾಗಿ ಆಡಿಸಿ, ಬಿದ್ದದ್ದನ್ನು ತೆಗೆದು ಅಂಗೈ ಮೇಲೆ ಉಗುಳಿ ತೋರಿಸುವುದು ಅವಳ ಪದ್ಧತಿ. ಹೊಲದಲ್ಲಿ ಕಣ ಮಾಡುವವರು, ಕಲ್ಲು ಒಡೆಯುವವರು ಎಲ್ಲರೂ ಅವಳ ಹತ್ತಿರವೇ ಹೋಗುತ್ತಿದ್ದರು. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಗ್ಗಿದ್ದು, ಅವನು ಉಸಿರು ಹಿಡಿದಿದ್ದು, ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂಗೈ ಮೇಲೆ ಕರಿ ಚೂರೊಂದು ಬಂತು. "ನೋಡ್ರಿ, ಬಂತು," ಎಂದಳು. ಅವ್ವ ಎಲೆ ಅಡಿಕೆ ಕೊಟ್ಟು ಕಳಿಸಿದಳು.

ಎರಡು ದಿನವಾದರೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ನಾನು ಬಿಡುತ್ತೇನೆಯೆ? ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಅಣ್ಣನನ್ನು ಎಳೆದುಕೊಂಡು ಹೋಗಿ, ಟೇಬಲ್ಲಿನ ಮೇಲೆ ಮಲಗಿಸಿ, ತಲೆಯ ಒಂದು ಫಿಲಂ ತೆಗೆದೆ. ತೊಟ್ಟಿಯಲ್ಲಿ ಅವನ ಬುರುಡೆ ಎದ್ದು ಬಂತು. ಮಾತು ಕಡಿಮೆಯ ಅಣ್ಣ ಅಲ್ಲಿ ಇನ್ನೂ ಸುಮ್ಮನಿದ್ದ. ಎಡಗಣ್ಣಿನ ಗುಳಿಯಲ್ಲಿ, ಅರ್ಧ ಸಾಸಿವೆ ಕಾಳಿನಷ್ಟು, ಒಂದು ಬಿಳಿ ಚುಕ್ಕಿ ಇತ್ತು. ಒದ್ದೆ ಫಿಲಂ ಹಿಡಿದುಕೊಂಡೇ ಡಾಕ್ಟರ ಬಳಿ ಓಡಿದೆ.

ಡಾಕ್ಟರು ಬೆಳಕಿನ ಪೆಟ್ಟಿಗೆಗೆ ಹಚ್ಚಿ ನೋಡಿದರು. ಫಿಲಂ ಇಡುವ ಚಪ್ಪಟೆ ಪೆಟ್ಟಿಗೆಗೆ ನಾವು ಕ್ಯಾಸೆಟ್ ಎನ್ನುತ್ತೇವೆ. ಅದರೊಳಗೆ ಧೂಳಿನ ಕಣ ಕೂತರೆ ಫಿಲಂ ಮೇಲೆ ಇಂಥದೇ ಬಿಳಿ ಚುಕ್ಕಿ ಬೀಳುತ್ತದೆ. ಉಳಿಯಿಂದ ಸಿಡಿದ ಕಬ್ಬಿಣದ ಚೂರಿಗೂ ಅದೇ ಚುಕ್ಕಿ. "ಕ್ಯಾಸೆಟ್ ಒರೆಸಿದ್ದೀಯಾ?" ಎಂದು ಕೇಳಿದರು. ನಾನು ಒರೆಸಿರಲಿಲ್ಲ. ಅಂದು ಬೆಳಗಿನಿಂದ ಕನಸು ಕಾಣುತ್ತ ನಿಂತಿದ್ದೆ, ಅದೂ ನಿಜ. "ಫಿಲಂ ಹಾಳು ಮಾಡಿದೆ. ಚೂರು ಹೋದ ಮೇಲೆ ಕೆಂಪಗಿರುವುದು ಸಹಜ. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ," ಎಂದರು. ಅಣ್ಣ ಇನ್ನೂ ಪಕ್ಕದ ಕೋಣೆಯ ಟೇಬಲ್ಲಿನ ಮೇಲೆಯೇ ಇದ್ದ, ಬಾಗಿಲು ತೆರೆದಿತ್ತು. ನಾನಾಗ ಹಂಗಾಮಿ ಕೆಲಸದವಳು. ಕ್ಯಾಸೆಟ್ ಒರೆಸಲು ಹೋದೆ. ವಾರ ಕಳೆಯುವುದರೊಳಗೆ ಅಣ್ಣ ಕಣ್ಣು ಪೂರಾ ಆರಾಮಾಯಿತು ಎಂದ. ಅಲ್ಲಿಗೆ ಮಾತು ಮುಗಿಯಿತು.

ಆ ಫಿಲಂ ನನ್ನ ಟ್ರಂಕಿನಲ್ಲಿ ಉಳಿಯಿತು. ಎಂಬತ್ತರ ಫೆಬ್ರವರಿಯಲ್ಲಿ ಸೂರ್ಯನಿಗೆ ಪೂರ್ತಿ ಗ್ರಹಣ ಹಿಡಿಯಿತಲ್ಲ, ನಮ್ಮ ಸೀಮೆಯಲ್ಲಿ ಹಾಡಹಗಲೇ ಕತ್ತಲಾಯಿತಲ್ಲ, ಆಗ ಅದೂ ಹೋಯಿತು. ಎಕ್ಸ್-ರೇ ಹಾಳೆಯಲ್ಲಿ ಗ್ರಹಣ ನೋಡಬಹುದು ಎಂದು ಯಾರೋ ಹಬ್ಬಿಸಿದ್ದರು. ಅದು ಕಣ್ಣಿಗೆ ಕೆಡುಕು ಎಂದು ನಮಗೆ ಹೇಳುವವರಾರು? ಓಣಿಯವರೆಲ್ಲ ನನ್ನ ಬೆನ್ನು ಹತ್ತಿದರು. ದವಾಖಾನೆಯ ಫಿಲಂ ಮುಟ್ಟುವಂತಿರಲಿಲ್ಲ, ಮನೆಯಲ್ಲಿದ್ದ ಅಣ್ಣನ ಬುರುಡೆಯನ್ನೇ ಕತ್ತರಿಸಿ ನಾಲ್ಕು ಮನೆಗೆ ಹಂಚಿದೆ. ಕಣ್ಣಿನ ಗುಳಿಗಳಿದ್ದ ತುಂಡು ಅಣ್ಣನ ಪಾಲಿಗೆ ಬಂತು. ಅವ್ವ ಗ್ರಹಣದ ಪದ್ಧತಿಯಂತೆ ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸಿ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ನಾವಿಬ್ಬರೂ ಹಿತ್ತಲಲ್ಲಿ ನಿಂತೆವು. ಕಾಗೆಗಳು ಗೂಡಿಗೆ ಹೊರಟವು, ಗಾಳಿ ತಣ್ಣಗಾಯಿತು, ದೂರದ ಕೋಟೆ ಗುಡ್ಡ ನೀಲಿಯಾಗಿ ಕರಗಿತು. ಅಣ್ಣ ತನ್ನದೇ ಕಣ್ಣಿನ ಗುಳಿಯ ಮೂಲಕ ಸಾಯುತ್ತಿರುವ ಸೂರ್ಯನನ್ನು ನೋಡುತ್ತಿದ್ದ. ಬಲಗಣ್ಣಿನಿಂದ ಮಾತ್ರ. "ನೀ ಯಾಕ ಒಂದ ಕಣ್ಣೀಲೆ ನೋಡತಿ, ಇನ್ನೊಂದಕ್ಕ ರಜಾ ಕೊಟ್ಟಿ ಏನು?" ಎಂದು ಛೇಡಿಸಿದೆ. ಅವನು ನಕ್ಕ. ಆ ತುಂಡು ಆಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ವರ್ಷಗಳು ಹಾಗೇ ಸರಿದವು. ನನ್ನ ಕೆಲಸ ಕಾಯಂ ಆಯಿತು. ಊರೂರಿಗೆ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲುಗಳು ಮೂಲೆ ಸೇರಿದವು. ಅಣ್ಣ ಗಂಗಾವತಿ ಕಡೆಯ ಗಿರಣಿಗಳ ಕಲ್ಲಿಗೆ ಕಚ್ಚು ಹೊಡೆಯಲು ಹೋಗತೊಡಗಿದ. ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು. ಎಂಬತ್ತರ ದಶಕ ಮುಗಿಯಲು ಬಂದಾಗ ಅವನ ಕೈಯಿಂದ ಸುತ್ತಿಗೆ ಜಾರತೊಡಗಿತು. ಮೊದಲು ಬೆರಳ ತುದಿ ಜೋಮು, ಆಮೇಲೆ ಹಿಡಿತವೇ ಇಲ್ಲ. ರೊಟ್ಟಿ ಮುರಿಯಲು ಎರಡೂ ಕೈ ಬೇಕಾಯಿತು. ನಡೆಯುವಾಗ ನೆಲ ಎಲ್ಲಿದೆ ಎಂದು ಕಾಲಿನಿಂದ ಹುಡುಕುತ್ತಿದ್ದ. ಕೈ ಹೋದರೆ ಅವನ ಬದುಕೇ ಹೋದಂತೆ. ಕಾಲೂ ಹೋಗುತ್ತಿತ್ತು. ನಾನು ತೆಗೆದ ಕತ್ತಿನ ಎಕ್ಸ್-ರೇಯಲ್ಲಿ ಎಲುಬಿನ ಮಣಿಗಳು ಸವೆದದ್ದು ಕಂಡಿತು, ಅದರಾಚೆ ಏನೂ ಕಾಣಲಿಲ್ಲ.

ಅಣ್ಣನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿ.ಟಿ. ಮಾಡಿದರು. ನಾನು ಅದೇ ಕಸುಬಿನವಳು ಎಂದು ತಿಳಿದು, ಮಷಿನ್ ನಡೆಸುವಾತ ನನ್ನನ್ನು ಗಾಜಿನ ಈಚೆ ಕೂರಿಸಿಕೊಂಡ. ಅಣ್ಣ ಮಲಗಿದ ಹಲಗೆ ದೊಡ್ಡ ಬಳೆಯಂಥ ಯಂತ್ರದೊಳಗೆ ಇಷ್ಟಿಷ್ಟೇ ಸರಿಯುತ್ತಿತ್ತು. ಸೌತೆಕಾಯಿ ಬಿಲ್ಲೆ ಕೊಯ್ದ ಹಾಗೆ ಅವನ ಕತ್ತು ಪರದೆಯ ಮೇಲೆ ಬಿಲ್ಲೆ ಬಿಲ್ಲೆಯಾಗಿ ಬಂತು. ಇಷ್ಟು ವರ್ಷ ನಾನು ನೋಡಿದ್ದು ಗೋಡೆಯ ಮೇಲಿನ ನೆರಳು. ಇಲ್ಲಿ ಮನುಷ್ಯನನ್ನು ಮುಟ್ಟದೆ ಬಿಡಿಸಿ ಇಟ್ಟಿದ್ದರು.

"ಇದು ನಿಮ್ಮ ಬಳಗದ್ದೇ," ಎಂದ ಆತ. "ಎಕ್ಸ್-ರೇನೇ, ಸುತ್ತು ಬಂದು ಕೊಯ್ದು ತೋರಿಸುತ್ತದೆ ಅಷ್ಟೆ. ಎಲುಬು ಇದಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೋರಿದ್ದರೆ ಕೂಡಲೇ ತೋರಿಸುತ್ತದೆ. ಆದರೆ ಎಲುಬಿನ ನಡುವೆ ಇರುವ ಮೆತ್ತನೆಯ ನರದ ಹುರಿ ಇದಕ್ಕೆ ಸರಿಯಾಗಿ ಸಿಗುವುದಿಲ್ಲ."

"ಮತ್ತ ಅದನ್ನ ಯಾವುದು ನೋಡತೈತ್ರಿ?"

"ಈಗ ಎಂ.ಆರ್.ಐ. ಅಂತ ಬಂದಿದೆ, ಮುಂಬಯಿಯಲ್ಲಿದೆ. ಅದು ಬೇರೆ ಮನೆತನ. ಕಿರಣವೇ ಇಲ್ಲ. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿ, ಮೈಯೊಳಗಿನ ನೀರನ್ನು ಅಲುಗಿಸಿ, ಅದು ಮರಳಿ ಸುಮ್ಮನಾಗುವಾಗ ಕೊಡುವ ಸುಳಿವನ್ನು ಹಿಡಿದು ಚಿತ್ರ ಬರೆಯುತ್ತದೆ. ನರ, ಹುರಿ, ಮೆದುಳಿನ ಬುಡ, ಎಲ್ಲ ಕಾಣುತ್ತದೆ. ನಮ್ಮದು ಸ್ವಲ್ಪ ಹೊತ್ತಿನ ಕೆಲಸ, ಅದಕ್ಕೆ ಮುಕ್ಕಾಲು ತಾಸು ಅಲುಗದೆ ಮಲಗಬೇಕು. ಒಳಗೆ ಬಡಿಯುವ ಸದ್ದು ಬೇರೆ."

ಡಾಕ್ಟರೂ ಅದನ್ನೇ ಹೇಳಿದರು. ಎಲುಬು ಕಾಣುತ್ತಿದೆ, ಹುರಿ ಎಲ್ಲಿ ನಲುಗಿದೆ ಎಂಬುದು ಕಾಣುತ್ತಿಲ್ಲ. ಅದು ತಿಳಿಯದೆ ಕತ್ತಿಗೆ ಚಾಕು ಹಾಕುವಂತಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಔಷಧ ಬಿಟ್ಟು ಮತ್ತೆ ಸಿ.ಟಿ. ಮಾಡುವ ದಾರಿ ಒಂದಿದೆ, ಆದರೆ ಅದು ನೋವಿನದು, ಅಪಾಯವೂ ಇದೆ. ಮೊದಲು ಮುಂಬಯಿಗೆ ಹೋಗಿ ಬನ್ನಿ ಎಂದು ಪತ್ರ ಬರೆದುಕೊಟ್ಟರು.

ತಿರುಗಿ ಬರುವಾಗ ರೈಲಿನಲ್ಲಿ ಇಬ್ಬರಿಗೂ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಹೊಸಪೇಟೆ ದಾಟಿದ ಮೇಲೆ ಬೆಳಗಿನ ಹೊಳೆ ಬಂತು, ಮುನಿರಾಬಾದಿನ ಕಡೆ ಮಂಜು ಹರಿದಾಡುತ್ತಿತ್ತು. ಎಲ್ಲವೂ ಆಗತಾನೇ ತೊಟ್ಟಿಯಿಂದ ಎದ್ದು ಬಂದ ಫಿಲಂನಂತೆ ಒದ್ದೆಯಾಗಿ ಕಾಣುತ್ತಿತ್ತು. ಅಣ್ಣ ಕೇಳಿದ.

"ಆ ಮುಂಬೈದು ನೀರ ನೋಡತೈತೇನು?"

"ಹೂಂ. ನೀರ ಅಳ್ಳಾಡಿಸಿ, ಅದು ಏನ್ ಹೇಳತೈತಿ ಕೇಳತೈತಂತ."

ಅಣ್ಣ ಜೋಮು ಹಿಡಿದ ಬೆರಳನ್ನು ಮಡಚಿ ಡಬ್ಬಿಯ ಗೋಡೆಯ ಮೇಲೆ ತಟ್ಟಿದ. "ಹಂಗಾರ ಅದು ನನ್ನಂಗ. ಬಡದು ಕೇಳತೈತಿ. ನಿಮ್ಮದು ಕೊಯ್ದು ನೋಡೂದು," ಎಂದ. ಬಹಳ ದಿನದ ಮೇಲೆ ಅವನು ಹಾಗೆ ನಕ್ಕದ್ದು. ಆ ಯಂತ್ರದ ಮೇಲೆ ಅವನಿಗೆ ಅಂದೇ ನಂಬಿಕೆ ಕೂತಿತು. ನನಗೂ ಕೂತಿತು, ಸ್ವಲ್ಪ ಮತ್ಸರದೊಡನೆ.

ಮುಂಬಯಿಯಿಂದ ಅಂಚೆಯಲ್ಲಿ ಒಂದು ಅರ್ಜಿ ಬಂತು. ಎರಡು ಪುಟದ ತುಂಬ ಇಂಗ್ಲಿಷಿನ ಪ್ರಶ್ನೆ. ಮನೆಯಲ್ಲಿ ಓದುವವಳು ನಾನೊಬ್ಬಳೇ. ಎದೆಯೊಳಗೆ ಯಂತ್ರ ಕೂರಿಸಿದ್ದಾರೆಯೇ, ಇಲ್ಲ. ಮೈಯಲ್ಲಿ ಗುಂಡು ಹೊಕ್ಕಿದೆಯೇ, ಇಲ್ಲ. ಟಿಕ್ಕು ಹಾಕುತ್ತ ಹೋದೆ. ಆರನೆಯದೋ ಏಳನೆಯದೋ ಪ್ರಶ್ನೆ ಹೀಗಿತ್ತು: ಕಣ್ಣಿನಲ್ಲಿ ಎಂದಾದರೂ ಲೋಹದ ಚೂರು ಹೊಕ್ಕಿದೆಯೇ? ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣವಿತ್ತು. ಅಯಸ್ಕಾಂತ ಆ ಚೂರನ್ನು ಎಳೆದರೆ ಕಣ್ಣು ಒಳಗಿನಿಂದಲೇ ಹರಿದು ಹೋಗಬಹುದು.

ನಾನು ಇಲ್ಲ ಎಂದು ಬರೆದೆ. ಅಜ್ಜಿ ಅಂಗೈ ಮೇಲೆ ತೆಗೆದು ತೋರಿಸಿದ್ದಳು. ಡಾಕ್ಟರು ಧೂಳು ಎಂದಿದ್ದರು. ನಾನು ಕ್ಯಾಸೆಟ್ ಒರೆಸಿರಲಿಲ್ಲ. ಮೂರು ಸಾಕ್ಷಿ ಇದ್ದ ಮೇಲೆ ಇನ್ನೇನು? ಅದೂ ಅಲ್ಲದೆ, ಹೌದು ಎಂದು ಬರೆದರೆ ಅವರು ಬೇಡ ಎನ್ನುತ್ತಾರೆ. ಅಣ್ಣನ ಕೈ ಹೋಗುತ್ತದೆ.

ಬರೆದದ್ದೇನೋ ಬರೆದೆ, ಅಂಚೆಗೆ ಹಾಕಲು ಕೈ ಬರಲಿಲ್ಲ. ಆ ವಾರವೆಲ್ಲ ನಾನು ಎಲ್ಲಿದ್ದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಡಾರ್ಕ್‌ರೂಮಿನ ಸ್ಟೂಲಿನ ಮೇಲೆ ಗೋಡೆಗೆ ಒರಗುತ್ತಿದ್ದೆ. ಕೆಂಪು ಬೆಳಕಿನಲ್ಲಿ ಕಣ್ಣು ಮುಚ್ಚಿದರೂ ಕೆಂಪೇ. ಅದರ ನಡುವೆ ಅರ್ಧ ಸಾಸಿವೆ ಕಾಳು ತೇಲುತ್ತ ಬರುತ್ತಿತ್ತು. ಹತ್ತಿರ ಬಂದಷ್ಟೂ ದೊಡ್ಡದಾಗುತ್ತಿತ್ತು. ಹಳೆಯ ಫಿಲಂ ಇದ್ದಿದ್ದರೆ ಬೇರೆಯವರ ಫಿಲಂ ಪಕ್ಕ ಇಟ್ಟು, ಎಲ್ಲದರಲ್ಲೂ ಅದೇ ಜಾಗದಲ್ಲಿ ಚುಕ್ಕಿ ಇದೆಯೇ ಎಂದು ನೋಡಬಹುದಿತ್ತು. ಅದನ್ನು ನಾನೇ ಕತ್ತರಿಸಿ ಸೂರ್ಯನಿಗೆ ಹಿಡಿದಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಧೂಳೋ ಕಬ್ಬಿಣವೋ ತಿಳಿಯಲು ಒಂದು ಉಪಾಯ ನಮ್ಮ ಕಸುಬಿನಲ್ಲಿದೆ. ಎರಡು ಫಿಲಂ ತೆಗೆಯುವುದು. ಒಂದರಲ್ಲಿ ಕಣ್ಣು ಮೇಲೆ ನೋಡಬೇಕು, ಇನ್ನೊಂದರಲ್ಲಿ ಕೆಳಗೆ. ತಲೆ ಅಲುಗಬಾರದು. ಚುಕ್ಕಿ ಎಲುಬಿನಲ್ಲೋ ಕ್ಯಾಸೆಟ್ಟಿನಲ್ಲೋ ಇದ್ದರೆ ಇದ್ದಲ್ಲೇ ಇರುತ್ತದೆ. ಕಣ್ಣಿನಲ್ಲಿದ್ದರೆ ನೋಟದೊಡನೆ ಸರಿಯುತ್ತದೆ.

ಒಂದು ಭಾನುವಾರ ಡಾಕ್ಟರ ಅಪ್ಪಣೆ ಕೇಳಿ ಅಣ್ಣನನ್ನು ಕರೆದುಕೊಂಡು ಬಂದೆ. ಹಳೆಯ ಡಾಕ್ಟರು ಬಿಟ್ಟುಹೋಗಿ ಹೊಸಬರು ಬಂದಿದ್ದರು, ಅವರು ಹೂಂ ಎಂದರು. ಎರಡು ಕ್ಯಾಸೆಟ್ ತೆಗೆದು ಸ್ಪಿರಿಟ್ಟಿನಿಂದ ಮೂರು ಮೂರು ಸಲ ಒರೆಸಿದೆ. ಎಡಗೆನ್ನೆ ಒತ್ತಿ ಮಲಗಿದ ಅಣ್ಣನ ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟೆ.

"ಮ್ಯಾಲ ನೋಡು. ನೆತ್ತಿ ಕಡಿ. ಉಸುರು ಹಿಡಿ."

ಒಂದು.

"ಈಗ ಕಾಲ ಕಡಿ ನೋಡು. ತಲಿ ಅಳ್ಳಾಡಸಬ್ಯಾಡ."

ಎರಡು.

ಕೆಂಪು ಬೆಳಕಿನಲ್ಲಿ ಎರಡೂ ಕೈಯಲ್ಲಿ ಎರಡು ಫಿಲಂ ಹಿಡಿದು ಅದ್ದಿದೆ. ಇಬ್ಬರು ಅಣ್ಣಂದಿರು ಒಟ್ಟಿಗೆ ಎದ್ದು ಬಂದರು. ಎರಡರಲ್ಲೂ ಚುಕ್ಕಿ ಇತ್ತು. ತೊಳೆದು, ಒಂದರ ಮೇಲೊಂದು ಇಟ್ಟು ಬೆಳಕಿನ ಪೆಟ್ಟಿಗೆಗೆ ಹಚ್ಚಿದೆ. ಹಣೆಯ ಎಲುಬು ಹಣೆಯ ಮೇಲೆ ಕೂತಿತು. ಮೂಗು ಮೂಗಿನ ಮೇಲೆ, ಗುಳಿ ಗುಳಿಯ ಮೇಲೆ. ಚುಕ್ಕಿ ಮಾತ್ರ ಕೂಡಲಿಲ್ಲ. ಒಂದು ಮೇಲೆ, ಇನ್ನೊಂದು ಅಕ್ಕಿ ಕಾಳಿನಷ್ಟು ಕೆಳಗೆ.

ಸತ್ಯ ಹೇಳಿಬಿಡುತ್ತೇನೆ. ಮೊದಲು ನನಗಾದದ್ದು ಸಂತೋಷ. ನನ್ನದೇ ಸರಿಯಾಗಿತ್ತು. ಹನ್ನೆರಡು ಹದಿಮೂರು ವರ್ಷ ಧೂಳು ಎಂದು ಬೈಸಿಕೊಂಡದ್ದು ಧೂಳಾಗಿರಲಿಲ್ಲ. ಆ ಡಾಕ್ಟರು ಎದುರಿಗಿದ್ದರೆ ಫಿಲಂ ಮುಖಕ್ಕೆ ಹಿಡಿಯುತ್ತಿದ್ದೆ. ಎಷ್ಟು ಹೊತ್ತು ಹಾಗೆ ಮೆರೆದೆನೋ, ಆಮೇಲೆ ಅದು ಯಾರ ಕಣ್ಣು ಎಂಬುದು ನೆನಪಾಯಿತು. ಆ ಒಂದು ಗಳಿಗೆಯ ಸಂತೋಷಕ್ಕೆ ನಾನು ಇಂದಿಗೂ ನಾಚುತ್ತೇನೆ.

ಹೊರಗೆ ಬಂದಾಗ ಅಣ್ಣ ಟೇಬಲ್ಲಿನ ಅಂಚಿಗೆ ಕೂತು ಅಂಗಿಯ ಗುಂಡಿಯೊಡನೆ ಹೆಣಗುತ್ತಿದ್ದ. ನಾನೇ ಹಾಕಿಕೊಟ್ಟೆ.

"ಮುಂಬೈ ಬ್ಯಾಡಣ್ಣ. ಎಡಗಣ್ಣಾಗ ಕಬ್ಬಿಣ ಐತಿ. ಅಜ್ಜಿ ತಗದಿದ್ದು ಬ್ಯಾರೆ ಚೂರು, ಇದು ಒಳಗ ಹೊಕ್ಕೈತಿ. ಅಯಸ್ಕಾಂತ ಎಳದ್ರ ಕಣ್ಣ ಹೋಗತೈತಿ."

ಅವನು ತಲೆ ಎತ್ತಲಿಲ್ಲ. "ಆ ಕಣ್ಣಿನ ಚಿಂತಿ ಬಿಡು," ಎಂದ. "ಅದು ಹೋಗಿ ನಾಕು ವರ್ಷ ಆತು."

ತಮಾಷೆ ಎಂದುಕೊಂಡೆ. ಅಂಗೈಯಿಂದ ಅವನ ಬಲಗಣ್ಣು ಮುಚ್ಚಿ, ಇನ್ನೊಂದು ಕೈ ಎತ್ತಿ ಹಿಡಿದೆ. "ಎಷ್ಟ್ ಬೆರಳ ಅದಾವ ಹೇಳು."

"ಬೆಳಕ ಐತಿ ಅನ್ನೂದಷ್ಟ ಗೊತ್ತಾಕ್ಕೈತಿ," ಎಂದ.

ಬ್ಯಾಟರಿ ತಂದು ಬೆಳಕು ಬಿಟ್ಟು ನೋಡಿದೆ. ಬಲಗಣ್ಣಿನ ಕರಿಗುಡ್ಡೆ ಕಪ್ಪು, ಎಡಗಣ್ಣಿನದು ಹಳೆ ಮೊಳೆಯ ತುಕ್ಕಿನ ಬಣ್ಣ. ಕಬ್ಬಿಣ ಒಳಗೇ ತುಕ್ಕು ಹಿಡಿದು ಕಣ್ಣನ್ನೆಲ್ಲ ತಿಂದಿತ್ತು. ದಿನಾ ಎದುರಿಗೆ ಕೂತು ಉಂಡಿದ್ದೇನೆ, ಮಕ್ಕಳ ಕೂದಲು ತೆಗೆಸುವ ಜಾವಳಕ್ಕೆ ಪಕ್ಕದಲ್ಲಿ ನಿಂತಿದ್ದೇನೆ. ಮಂದಿಯ ಎದೆಯೊಳಗೆ ಇಣುಕುವವಳು ನಾನು, ಅಣ್ಣನ ಮುಖವನ್ನು ನೋಡಿರಲಿಲ್ಲ.

"ಯಾಕ ಹೇಳಲಿಲ್ಲೋ?"

"ಅವತ್ತ ನಾ ಇದ ಟೇಬಲ್ ಮ್ಯಾಲ ಇದ್ನಲ್ಲ," ಎಂದ. ಬಹಳ ದಿನದಿಂದ ಸಿದ್ಧ ಮಾಡಿ ಇಟ್ಟುಕೊಂಡ ಮಾತಿನಂತೆ ನಿಧಾನವಾಗಿ ಹೇಳಿದ. "ಡಾಕ್ಟರು ನಿನಗ ಅಂದಿದ್ದು ಕೇಳಿದೆ. ಇನ್ನೊಮ್ಮಿ ಹಿಂಗಾದ್ರ ಬರಬ್ಯಾಡ ಅಂದ್ರಲ್ಲ. ನಾ ಮತ್ತ ಕಣ್ಣು ಅಂತ ಬಂದ್ರ ಮತ್ತ ಫೋಟೋ ತಗೀತಿದ್ರು. ಮತ್ತ ಚುಕ್ಕಿ ಬಿದ್ರ ನಿನ್ನ ಕೆಲಸ ಹೋಗತಿತ್ತು. ನೀ ಕಾಯಂ ಆಗಲಿ, ಆಮ್ಯಾಲ ಹೇಳೂಣು ಅಂದೆ."

"ಕಾಯಂ ಆಗಿ ಎಷ್ಟ್ ವರ್ಷ ಆತು?"

"ಹೌದು. ಅಷ್ಟೊತ್ತಿಗೆ ಪೂರಾ ಮಬ್ಬಾಗಿತ್ತು. ಹೇಳಿದ್ರ ನೀ ಅಳತಿ ಅಂತ ಬಿಟ್ಟೆ."

ಅವನು ಮತ್ತೆ ಬಂದಿದ್ದರೆ, ಇನ್ನೊಂದು ಕ್ಯಾಸೆಟ್ಟಿನಲ್ಲಿ ಇನ್ನೊಂದು ಫಿಲಂ ತೆಗೆದಿದ್ದರೆ, ಚುಕ್ಕಿ ಮತ್ತೆ ಬೀಳುತ್ತಿತ್ತು. ಆಗಲೇ ಗೊತ್ತಾಗುತ್ತಿತ್ತು ಅದು ಧೂಳಲ್ಲ ಎಂದು. ನನ್ನ ಕೆಲಸ ಉಳಿಯುತ್ತಿತ್ತು, ಅವನ ಕಣ್ಣೂ ಉಳಿಯುತ್ತಿತ್ತು. ಎರಡನೆಯ ಚುಕ್ಕಿ ನನ್ನನ್ನು ಕೆಡಿಸುತ್ತದೆ ಎಂದು ಅವನು ಹೆದರಿದ್ದ. ನನ್ನನ್ನು ಉಳಿಸುವುದೂ ಅದೇ ಆಗಿತ್ತು. ಇದನ್ನು ಅವನಿಗೆ ಇಂದಿನವರೆಗೂ ಹೇಳಿಲ್ಲ.

"ಕಣ್ಣಂತೂ ಹೋಗೇತಿ," ಎಂದ ಅವನೇ. "ಆ ಅಯಸ್ಕಾಂತದಾಗ ಹೋಗಿ ಬರತೀನಿ ಬಿಡು. ಕೈಯರ ಉಳೀಲಿ."

ನಾನು ಒಪ್ಪಲಿಲ್ಲ. ಅರ್ಜಿಯನ್ನು ಹರಿದು ಹಾಕಿ, ಎರಡೂ ಫಿಲಂ ಚೀಲದಲ್ಲಿಟ್ಟುಕೊಂಡು ಮತ್ತೆ ಬೆಂಗಳೂರಿನ ರೈಲು ಹತ್ತಿದೆವು. ಡಾಕ್ಟರು ಫಿಲಂ ನೋಡಿ ತಲೆ ಆಡಿಸಿದರು. ಕಾಣದ ಕಣ್ಣಾದರೂ ಚೂರು ಸರಿದರೆ ಒಳಗೆ ರಕ್ತ ಸೋರುತ್ತದೆ, ಅಯಸ್ಕಾಂತದ ಮಾತು ಬೇಡವೇ ಬೇಡ ಎಂದರು. ಕಣ್ಣಿನ ಡಾಕ್ಟರು ದೃಷ್ಟಿ ಮರಳುವುದಿಲ್ಲ ಎಂದರು. ಉಳಿದದ್ದು ಸೂಜಿಯ ದಾರಿ.

ಬೆನ್ನಿನ ಸಂದಿಗೆ ಸೂಜಿ ಇಳಿಸುವಾಗ ಅಣ್ಣ ಹಲ್ಲು ಕಚ್ಚಿದ ಸದ್ದು ಗಾಜಿನ ಈಚೆ ಕೂತ ನನಗೆ ಕೇಳಿದಂತಾಯಿತು. ಆಮೇಲೆ ಹಲಗೆಯನ್ನು ಓರೆ ಮಾಡಿ, ಔಷಧ ಕತ್ತಿನ ಕಡೆ ಹರಿಯಲು ಬಿಟ್ಟು, ಮತ್ತೆ ಬಿಲ್ಲೆ ಬಿಲ್ಲೆಯಾಗಿ ಸಿ.ಟಿ. ತೆಗೆದರು. ಬೆಳ್ಳಗಿನ ಔಷಧದ ನಡುವೆ ಹುರಿ ಕಪ್ಪು ನೆರಳಾಗಿ ಕಂಡಿತು. ಎರಡು ಮಣಿಗಳ ಮಟ್ಟದಲ್ಲಿ ಅದು ಚಪ್ಪಟೆಯಾಗಿ ನಲುಗಿತ್ತು. "ಸಿಕ್ಕಿತು," ಎಂದ ಮಷಿನ್ ನಡೆಸುವಾತ. "ಮುಂಬಯಿಯಲ್ಲಾಗಿದ್ದರೆ ಒಂದು ಸೂಜಿಯೂ ಇಲ್ಲದೆ ಸಿಗುತ್ತಿತ್ತು." ಅದು ನನಗೆ ಗೊತ್ತಿತ್ತು. ಮೂರು ದಿನ ಅಣ್ಣ ತಲೆನೋವಿನಿಂದ ದಿಂಬಿನಿಂದ ತಲೆ ಎತ್ತಲಿಲ್ಲ. ಆಮೇಲೆ ಕತ್ತಿನ ಆಪರೇಷನ್ ಆಯಿತು.

ಆಪರೇಷನ್ನಿನ ಐದನೆಯ ದಿನ ಅತ್ತಿಗೆಯನ್ನು ಊರಿನ ಬಸ್ಸಿಗೆ ಹತ್ತಿಸಿ ವಾರ್ಡಿಗೆ ಬಂದೆ. ಮಧ್ಯಾಹ್ನದ ಹೊತ್ತು, ಎಲ್ಲರೂ ಮಂಪರಿನಲ್ಲಿದ್ದರು, ಪರದೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಕತ್ತಿಗೆ ದಪ್ಪ ಪಟ್ಟಿ ಕಟ್ಟಿದ್ದರಿಂದ ಅಣ್ಣ ತಲೆ ತಿರುಗಿಸುವಂತಿರಲಿಲ್ಲ. ಚಾವಣಿ ನೋಡುತ್ತ ಮಲಗಿ, ಎದೆಯ ಮೇಲೆ ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡು ಸುಲಿಯುತ್ತಿದ್ದ. ಹೆಬ್ಬೆರಳ ಉಗುರು ಸಿಪ್ಪೆಯೊಳಗೆ ಇಳಿಯಿತು. ಸಿಪ್ಪೆ ಒಂದಿಷ್ಟು ಎದ್ದಿತು, ಹರಿಯಿತು, ಮತ್ತೆ ಹಿಡಿದ. ತೊಳೆ ಬಿಡಿಸಿ ಎರಡು ಬೆರಳ ನಡುವೆ ಹಿಡಿದು ಮೇಲೆತ್ತಿ ನೋಡಿದ. ಬೀಳಲಿಲ್ಲ. ಯಾರೂ ಇಲ್ಲದಾಗ ಮನುಷ್ಯ ನಗುತ್ತಾನಲ್ಲ, ಹಾಗೆ ಒಬ್ಬನೇ ನಗುತ್ತಿದ್ದ.

ನಾನು ಮಂಚಕ್ಕೆ ತಾಗಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಎಷ್ಟೋ ಹೊತ್ತಾಯಿತು. ಕೈಯಳತೆಯಲ್ಲಿ ನಿಂತಿದ್ದರೂ ಇವನು ಯಾಕೆ ಮಾತಾಡಿಸುತ್ತಿಲ್ಲ ಎಂದು ನನ್ನ ಹಳೆಯ ಸಿಟ್ಟು ಒಂದು ಗಳಿಗೆ ತಲೆ ಎತ್ತಿತು. ಆಮೇಲೆ ತಿಳಿಯಿತು, ನಾನು ನಿಂತದ್ದು ಅವನ ಎಡಗಡೆ.

ಸದ್ದಾಗದಂತೆ ಮಂಚ ಸುತ್ತಿ ಬಲಗಡೆಗೆ ಬಂದೆ.

"ಬಂದೇನು ತಂಗಿ?" ಎಂದ. "ಯಾವಾಗ ಬಂದಿ?"

"ಈಗ ಬಂದೆ," ಎಂದೆ.